ಗುಂಪಿನಲ್ಲಿ ಮೂರು ಸೋಲು, ಕೊನೆಗೆ ಫೈನಲ್: 2016ರ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು ಎಫ್‌ಸಿ

2016ರ ನವೆಂಬರ್ 5ರಂದು ದೋಹಾದ ಸುಹೈಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ 1–0 ಗೋಲಿನಿಂದ ಬೆಂಗಳೂರು ಎಫ್‌ಸಿಯನ್ನು ಸೋಲಿಸಿ ಎಎಫ್‌ಸಿ (ಏಷ್ಯಾದ ಫುಟ್‌ಬಾಲ್ ಒಕ್ಕೂಟ) ಕಪ್ ಗೆದ್ದಿತು. 71ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದದ್ದು ಪಂದ್ಯದ ಏಕೈಕ ಗೋಲು. ಏಷ್ಯಾ ಮಟ್ಟದ ಕ್ಲಬ್ ಟೂರ್ನಿಯ ಈ ಹಂತಕ್ಕೆ ಅದಕ್ಕೂ ಮುಂಚೆ ನಮ್ಮ ದೇಶದ ಯಾವ ತಂಡವೂ ಏರಿರಲಿಲ್ಲ. ಎಎಫ್‌ಸಿ ಕಪ್‌ನಲ್ಲಿ 2008ರಲ್ಲಿ ಗೋವಾದ ಡೆಂಪೊ, 2013ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೆಮಿಫೈನಲ್‌ವರೆಗೆ ಬಂದು ನಿಂತಿದ್ದವು.

ಆ ಋತುವನ್ನು ಸೆಮಿಫೈನಲ್‌ನಲ್ಲಿ ಸುನಿಲ್ ಚೆಟ್ರಿ ಹೊಡೆದ ಎರಡು ಗೋಲುಗಳ ಕಥೆಯಾಗಿ ಹೇಳುವುದು ರೂಢಿ. ಅದು ಸುಳ್ಳೇನಲ್ಲ. ಆದರೆ ಗುಂಪು ಹಂತದಲ್ಲಿ ಮೂರು ಪಂದ್ಯ ಸೋತ, ಟೂರ್ನಿಯ ನಡುವೆಯೇ ಕೋಚ್ ಬದಲಾದ, ನಾಲ್ವರು ವಿದೇಶಿಯರಲ್ಲಿ ಮೂವರು ಹೊಸಬರಾದ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಯಾವ ಲೀಗ್ ಪಂದ್ಯವನ್ನೂ ಆಡದ ತಂಡವೊಂದು ದೋಹಾ ಮುಟ್ಟಿದ್ದು ಹೇಗೆ ಎಂಬುದಕ್ಕೆ ಅಷ್ಟೇ ಸಾಕಾಗುವುದಿಲ್ಲ. ಟೂರ್ನಿಯ ನಿಯಮ, ಆಟಗಾರರ ಪಟ್ಟಿ, ಕ್ಯಾಲೆಂಡರ್ ಮತ್ತು ಎರಡು ಲೆಗ್‌ಗಳ (ತವರಿನಲ್ಲೊಂದು, ಪರ ಊರಿನಲ್ಲೊಂದು ಪಂದ್ಯದ) ಲೆಕ್ಕ ಒಟ್ಟಿಗೆ ಸೇರಿ ಆ ದಾರಿ ತೆರೆಯಿತು. ಫೈನಲ್‌ನಲ್ಲಿ ಅದೇ ದಾರಿ ಮುಚ್ಚಿದ್ದಕ್ಕೂ ಕಾರಣ ಅಲ್ಲಿಯೇ ಸಿಗುತ್ತದೆ.

ಎರಡು ವಲಯ, ಒಂದು ಫೈನಲ್

ಎಎಫ್‌ಸಿ ಕಪ್ ಆಗ ಏಷ್ಯಾದ ಎರಡನೇ ದರ್ಜೆಯ ಕ್ಲಬ್ ಟೂರ್ನಿಯಾಗಿತ್ತು. ಮೇಲಿನದು ಎಎಫ್‌ಸಿ ಚಾಂಪಿಯನ್ಸ್ ಲೀಗ್. 2016ರಲ್ಲಿ ಗುಂಪು ಹಂತದಲ್ಲಿ 32 ತಂಡಗಳಿದ್ದವು. ನಾಲ್ಕು ತಂಡಗಳ ಎಂಟು ಗುಂಪು, ಪ್ರತಿ ಗುಂಪಿನಿಂದ ಎರಡು ತಂಡ ಮುಂದಕ್ಕೆ. ಅಲ್ಲಿಂದ ನಾಕೌಟ್. 16ರ ಘಟ್ಟ ಒಂದೇ ಪಂದ್ಯ, ಅದೂ ಗುಂಪಿನ ಅಗ್ರ ತಂಡದ ಅಂಗಳದಲ್ಲಿ. ಕ್ವಾರ್ಟರ್‌ಫೈನಲ್ ಮತ್ತು ಸೆಮಿಫೈನಲ್ ಎರಡೆರಡು ಲೆಗ್. ಫೈನಲ್ ಮತ್ತೆ ಒಂದೇ ಪಂದ್ಯ.

ಬಹಳ ಜನ ಗಮನಿಸದೆ ಬಿಡುವ ಸಂಗತಿಯೊಂದು ಇಲ್ಲಿದೆ. ಆ ವರ್ಷ ಪಶ್ಚಿಮ ಏಷ್ಯಾದ ತಂಡಗಳನ್ನೂ ಪೂರ್ವದ ತಂಡಗಳನ್ನೂ ಫೈನಲ್‌ವರೆಗೆ ಬೇರೆಬೇರೆಯಾಗಿಯೇ ಆಡಿಸಲಾಯಿತು. ಭಾರತದ ಕ್ಲಬ್‌ಗಳು ಪೂರ್ವದ ಪಾಲಿಗೆ ಬಂದಿದ್ದವು. ಡೆಂಪೊಗೆ ಸೆಮಿಫೈನಲ್‌ನಲ್ಲಿ ಅಡ್ಡ ಬಂದದ್ದು ಲೆಬನಾನಿನ ಸಫಾ, ಈಸ್ಟ್ ಬೆಂಗಾಲ್‌ಗೆ ಕುವೈತ್ ಎಸ್‌ಸಿ, ಎರಡೂ ಪಶ್ಚಿಮದವು. ಬೆಂಗಳೂರಿಗೆ ಅಂಥ ಎದುರಾಳಿ ಸಿಕ್ಕಿದ್ದು ಫೈನಲ್‌ನಲ್ಲಿ ಮಾತ್ರ. ಇದರ ಜೊತೆಗೆ, 2015ರ ಅಕ್ಟೋಬರ್‌ನಲ್ಲಿ ಫಿಫಾ ಕುವೈತನ್ನು ಅಮಾನತು ಮಾಡಿದ್ದರಿಂದ 2016ರ ಟೂರ್ನಿಯಲ್ಲಿ ಆ ದೇಶದ ಕ್ಲಬ್‌ಗಳೇ ಇರಲಿಲ್ಲ. ಕುವೈತ್ ಎಸ್‌ಸಿ 2009, 2012, 2013ರಲ್ಲಿ, ಕಾದಿಸಿಯಾ 2014ರಲ್ಲಿ ಈ ಕಪ್ ಗೆದ್ದ ತಂಡಗಳು. ಇದನ್ನು ಹೇಳಿದರೆ ಬೆಂಗಳೂರಿನ ಸಾಧನೆ ಕುಗ್ಗುವುದಿಲ್ಲ. ಯಾವ ನಕ್ಷೆಯ ಮೇಲೆ ಆ ದಾರಿ ಸಾಗಿತು ಎಂಬುದಷ್ಟೇ ಸ್ಪಷ್ಟವಾಗುತ್ತದೆ.

ಬೆಂಗಳೂರಿಗೆ ಟಿಕೆಟ್ ಸಿಕ್ಕಿದ್ದು 2014–15ರ ಫೆಡರೇಷನ್ ಕಪ್ ಗೆದ್ದದ್ದರಿಂದ. ಮಡಗಾಂವ್‌ನ ಫೈನಲ್‌ನಲ್ಲಿ ಡೆಂಪೊವನ್ನು 2–1ರಿಂದ ಮಣಿಸಿತ್ತು. ಎಎಫ್‌ಸಿ ಕಪ್‌ನ ಎಚ್ ಗುಂಪಿನಲ್ಲಿ ಜೊತೆಗಿದ್ದವು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಮ್ಯಾನ್ಮಾರ್‌ನ ಅಯೇಯಾವಾಡಿ ಯುನೈಟೆಡ್, ಲಾವೋಸ್‌ನ ಲಾವೊ ಟೊಯೊಟಾ. ಜೆಡಿಟಿ ಎಂದೇ ಕರೆಸಿಕೊಳ್ಳುವ ಜೊಹೊರ್ ಹಾಲಿ ಚಾಂಪಿಯನ್. 2015ರಲ್ಲಿ ದುಶಾಂಬೆಯಲ್ಲಿ ಇಸ್ತಿಕ್ಲೋಲ್ ತಂಡವನ್ನು 1–0ರಿಂದ ಸೋಲಿಸಿ ಈ ಕಪ್ ಗೆದ್ದ ಆಗ್ನೇಯ ಏಷ್ಯಾದ ಮೊದಲ ಕ್ಲಬ್ ಆಗಿತ್ತು. ಅದು ಬೆಂಗಳೂರನ್ನು ಇಲ್ಲೂ ಅಲ್ಲೂ ಸೋಲಿಸಿತು. ವಿಯೆಂಟಿಯಾನ್‌ನಲ್ಲಿ ಲಾವೊ ಟೊಯೊಟಾ ಎದುರು ಇನ್ನೊಂದು ಸೋಲು. ಉಳಿದ ಪಂದ್ಯಗಳ ಗೆಲುವಿನಿಂದ ಎರಡನೇ ಸ್ಥಾನ ಉಳಿಯಿತು.

ಎರಡನೇ ಸ್ಥಾನಕ್ಕೆ ತೆರಬೇಕಾದ ಬೆಲೆ ಎಂದರೆ ಪರ ಊರಿನಲ್ಲಿ ಒಂದೇ ಪಂದ್ಯದ ಪರೀಕ್ಷೆ. ಮೇ ಕೊನೆಯ ವಾರದಲ್ಲಿ ಹಾಂಗ್‌ಕಾಂಗ್‌ನ ಮಾಂಗ್ ಕಾಕ್ ಕ್ರೀಡಾಂಗಣದಲ್ಲಿ ಕಿಚಿ ತಂಡದ ಎದುರು ಬೆಂಗಳೂರು 3–2ರಿಂದ ಗೆದ್ದಿತು. ಆ ವಾರ ಭಾರತದ ಇನ್ನೊಂದು ತಂಡ ಮೋಹನ್ ಬಾಗಾನ್ ಗುವಾಹಟಿಯಲ್ಲಿ ಸಿಂಗಪುರದ ಟ್ಯಾಂಪಿನಿಸ್ ರೋವರ್ಸ್ ಎದುರು ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತು ಹೊರಬಿತ್ತು. ಅದೇ ಟ್ಯಾಂಪಿನಿಸ್ ಕ್ವಾರ್ಟರ್‌ಫೈನಲ್‌ನಲ್ಲಿ ಬೆಂಗಳೂರಿಗೆ ಎದುರಾಯಿತು.

ಮೇ ತಿಂಗಳ ತಂಡ ಬೇರೆ, ಸೆಪ್ಟೆಂಬರ್‌ನ ತಂಡ ಬೇರೆ

ಕಿಚಿ ಪಂದ್ಯಕ್ಕೂ ಕ್ವಾರ್ಟರ್‌ಫೈನಲ್‌ಗೂ ನಡುವೆ ಮೂರೂವರೆ ತಿಂಗಳ ಅಂತರ. ಏಷ್ಯಾದ ಟೂರ್ನಿ ಒಂದು ಕ್ಯಾಲೆಂಡರ್ ವರ್ಷದೊಳಗೆ ನಡೆಯುತ್ತಿತ್ತು. ಭಾರತದ ಆಗಿನ ಅಗ್ರ ಲೀಗ್ ಆದ ಐ-ಲೀಗ್ ಜನವರಿಯಲ್ಲಿ ಶುರುವಾಗಿ ಬೇಸಿಗೆಗೆ ಮುಗಿಯುತ್ತಿತ್ತು. ಹಾಗಾಗಿ ಗುಂಪು ಹಂತಕ್ಕೆ ಒಂದು ತಂಡ, ನಾಕೌಟ್‌ನ ಕೊನೆಯ ಘಟ್ಟಗಳಿಗೆ ಮತ್ತೊಂದು ತಂಡ ಎಂಬಂಥ ಸ್ಥಿತಿ.

ಮೊದಲ ಮೂರು ಋತುಗಳಲ್ಲಿ ಎರಡು ಐ-ಲೀಗ್ ಮತ್ತು ಒಂದು ಫೆಡರೇಷನ್ ಕಪ್ ಗೆಲ್ಲಿಸಿಕೊಟ್ಟ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಕಿಚಿ ಪಂದ್ಯದ ನಂತರ ಹೊರನಡೆದರು. ಜುಲೈನಲ್ಲಿ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದು, ಎಲ್ ಸಾಲ್ವಡಾರ್ ರಾಷ್ಟ್ರೀಯ ತಂಡಕ್ಕೂ ಕೋಚ್ ಆಗಿದ್ದವರು. ಅವರ ಜೊತೆ ಸಹಾಯಕರಾಗಿ ಬಂದ ಕಾರ್ಲೆಸ್ ಕ್ವಾಡ್ರಾಟ್ ಮುಂದೆ ಇದೇ ಕ್ಲಬ್‌ನ ಮುಖ್ಯ ಕೋಚ್ ಆದರು. ವೆಸ್ಟ್‌ವುಡ್ ಕಾಲದ ನೇರ, ದೈಹಿಕ ಆಟದಿಂದ ಚೆಂಡನ್ನು ಕಾಲಲ್ಲೇ ಇಟ್ಟುಕೊಳ್ಳುವ ಆಟದ ಕಡೆಗೆ ತಂಡ ಹೊರಳಬೇಕಿತ್ತು. ಅದಕ್ಕೆ ಸಿಕ್ಕ ಕಾಲ ಎರಡು ತಿಂಗಳು.

ಗುಂಪು ಹಂತದ ನಂತರ ಕ್ವಾರ್ಟರ್‌ಫೈನಲ್‌ಗೆ ಮುನ್ನ ಆಟಗಾರರ ಪಟ್ಟಿಯನ್ನು ಬದಲಿಸಿಕೊಳ್ಳಲು ಅವಕಾಶ ಇತ್ತು. ಬೆಂಗಳೂರು ಅದನ್ನು ಪೂರ್ತಿಯಾಗಿ ಬಳಸಿಕೊಂಡಿತು. 2013ರಿಂದ ಇದ್ದ ಇಂಗ್ಲೆಂಡಿನ ಡಿಫೆಂಡರ್ ಜಾನ್ ಜಾನ್ಸನ್ ಒಬ್ಬರೇ ಉಳಿದರು. ಸ್ಪೇನಿನ ಸೆಂಟರ್‌ಬ್ಯಾಕ್ ಹುವಾನನ್, ವಯ್ಯಾಡೊಲಿಡ್‌ನಲ್ಲಿ ಹತ್ತು ವರ್ಷ ಆಡಿದ ಮಿಡ್‌ಫೀಲ್ಡರ್ ಅಲ್ವಾರೊ ರುಬಿಯೊ, ಆಸ್ಟ್ರೇಲಿಯಾದ ಮಿಡ್‌ಫೀಲ್ಡರ್ ಕ್ಯಾಮರಾನ್ ವಾಟ್ಸನ್ ಹೊಸದಾಗಿ ಸೇರಿದರು.

ಕೋಟಾ ಎಲ್ಲಿ ಖರ್ಚಾಯಿತು

ಎಎಫ್‌ಸಿಯ ಆಗಿನ ನಿಯಮ "ಮೂರು ಮತ್ತು ಒಂದು": ಯಾವ ದೇಶದವರಾದರೂ ಸರಿ ಮೂವರು ವಿದೇಶಿಯರು, ಜೊತೆಗೆ ಎಎಫ್‌ಸಿ ಸದಸ್ಯ ದೇಶದ ಒಬ್ಬ. ಆಸ್ಟ್ರೇಲಿಯಾ ಎಎಫ್‌ಸಿ ಸದಸ್ಯ ರಾಷ್ಟ್ರವಾದ್ದರಿಂದ ವಾಟ್ಸನ್ ಏಷ್ಯಾ ಕೋಟಾದಲ್ಲಿ ಬಂದರು. ಇಬ್ಬರು ಸ್ಪೇನಿನವರು, ಒಬ್ಬ ಇಂಗ್ಲಿಷ್ ಆಟಗಾರ. ಅಲ್ಲಿಗೆ ಕೋಟಾ ಭರ್ತಿ.

ನಾಲ್ಕೂ ಜಾಗಗಳನ್ನು ಹಾಕಿದ್ದು ಎಲ್ಲಿ ಎಂಬುದೇ ಈ ಪ್ರಕರಣದ ಅತ್ಯಂತ ಕುತೂಹಲದ ನಿರ್ಧಾರ. ಇಬ್ಬರು ರಕ್ಷಣೆಯ ನಡುಭಾಗಕ್ಕೆ, ಇಬ್ಬರು ಅವರ ಮುಂದಿನ ಮಿಡ್‌ಫೀಲ್ಡ್‌ಗೆ. ಭಾರತದ ಬಹುತೇಕ ಕ್ಲಬ್‌ಗಳು ಆಗ ವಿದೇಶಿ ಹಣವನ್ನು ಸ್ಟ್ರೈಕರ್ ಮೇಲೆ ಸುರಿಯುತ್ತಿದ್ದವು. ಗೋಲು ಹೊಡೆಯುವವನಿಗೆ ಹೆಚ್ಚು ಬೆಲೆ, ಗೋಲು ತಡೆಯುವವನು ಸ್ಥಳೀಯನಾದರೂ ನಡೆಯುತ್ತದೆ ಎಂಬ ಲೆಕ್ಕ. ಬೆಂಗಳೂರು ತಿರುಗಿಸಿ ಯೋಚಿಸಿತು. ಮುಂಪಡೆಯಲ್ಲಿ ಚೆಟ್ರಿ, ಸಿ.ಕೆ. ವಿನೀತ್, ಉದಾಂತ ಸಿಂಗ್. ಚೆಂಡು ಹಂಚಲು ಶಿಲ್ಲಾಂಗ್‌ನ ಯೂಜಿನ್‌ಸನ್ ಲಿಂಗ್ಡೊ. ಇವರೆಲ್ಲ ವರ್ಷಗಳಿಂದ ಒಟ್ಟಿಗೆ ಆಡಿದವರು, ರಾಷ್ಟ್ರೀಯ ತಂಡದಲ್ಲೂ ಒಬ್ಬರಿಗೊಬ್ಬರು ಸಿಗುತ್ತಿದ್ದವರು. ದೇಶದಲ್ಲಿ ಸಿಗುವ ಅತ್ಯುತ್ತಮ ಮುಂಪಡೆ ಕೈಯಲ್ಲೇ ಇರುವಾಗ ಕೋಟಾವನ್ನು ಹಿಂದಕ್ಕೆ ಹಾಕುವುದೇ ಜಾಣತನ.

ನಾಕೌಟ್‌ನಲ್ಲಿ ಇದಕ್ಕೆ ಇನ್ನೂ ಒಂದು ಕಾರಣವಿದೆ. ಲೀಗ್‌ನಲ್ಲಿ ಬಿಟ್ಟುಕೊಟ್ಟ ಗೋಲನ್ನು ಮುಂದಿನ ವಾರ ಸರಿದೂಗಿಸಬಹುದು. ಎರಡು ಲೆಗ್‌ಗಳ ಪಂದ್ಯದಲ್ಲಿ, ಪರ ಊರಿನ ಗೋಲಿನ ನಿಯಮ (ಒಟ್ಟು ಗೋಲು ಸಮನಾದರೆ ಪರ ಊರಿನಲ್ಲಿ ಹೆಚ್ಚು ಹೊಡೆದವರು ಮುಂದಕ್ಕೆ) ಇರುವಾಗ, ತವರಿನಲ್ಲಿ ಬಿಟ್ಟುಕೊಟ್ಟ ಒಂದು ಗೋಲಿನ ತೂಕ ಒಂದಕ್ಕಿಂತ ಹೆಚ್ಚು. ಹಿಂಬದಿ ಗಟ್ಟಿಯಾಗಿದ್ದರೆ ಆ ಲೆಕ್ಕವೇ ತಂಡದ ಪರ ಕೆಲಸ ಮಾಡುತ್ತದೆ. ಕ್ವಾರ್ಟರ್‌ಫೈನಲ್ ಇದನ್ನು ತೋರಿಸಿತು.

ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಮೊದಲ ಲೆಗ್. ವಿನೀತ್ ಹೊಡೆದ ಗೋಲಿನಿಂದ 1–0. ಲಿವರ್‌ಪೂಲ್‌ನ ಮಾಜಿ ಆಟಗಾರ ಜರ್ಮೇನ್ ಪೆನ್ನಂಟ್ ಆ ವರ್ಷ ಟ್ಯಾಂಪಿನಿಸ್ ಬಳಗದಲ್ಲಿದ್ದರು, ಆದ್ದರಿಂದ ಪತ್ರಿಕೆಗಳ ಗಮನವೆಲ್ಲ ಆ ಕಡೆಗೇ ಇತ್ತು. ಒಂದು ಗೋಲಿನ ಗೆಲುವು ಚಿಕ್ಕದು ಎನಿಸಬಹುದು. ಆದರೆ 2–1ರ ಗೆಲುವಿಗಿಂತ ಇದು ಮೇಲು: 2–1 ಆಗಿದ್ದರೆ ಸಿಂಗಪುರದಲ್ಲಿ 0–1ರ ಸೋಲೂ ಹೊರದಾರಿ ತೋರಿಸುತ್ತಿತ್ತು. 1–0 ಆದದ್ದರಿಂದ, ಅಲ್ಲಿ ಬೆಂಗಳೂರು ಒಂದು ಗೋಲು ಹೊಡೆದರೆ ಟ್ಯಾಂಪಿನಿಸ್ ಮೂರು ಹೊಡೆಯಬೇಕಿತ್ತು. ಒಂದು ವಾರದ ನಂತರ ಸಿಂಗಪುರದ ಜಲನ್ ಬೆಸಾರ್‌ನಲ್ಲಿ, ಕೃತಕ ಹುಲ್ಲಿನ ಮೇಲೆ, 0–0. ಕೃತಕ ಹುಲ್ಲಿನಲ್ಲಿ ಚೆಂಡು ನಿಲ್ಲದೆ ವೇಗವಾಗಿ ಜಾರುತ್ತದೆ, ಪುಟಿಯುವ ರೀತಿಯೂ ಬೇರೆ. ಕಂಠೀರವದ ಸಹಜ ಹುಲ್ಲಿಗೆ ಒಗ್ಗಿದವರಿಗೆ ಹಿಂದಕ್ಕೆ ಕೊಡುವ ಪಾಸ್ ಮತ್ತು ಎದೆಯ ಮೇಲೆ ಚೆಂಡು ಇಳಿಸಿಕೊಳ್ಳುವುದು, ಈ ಎರಡರಲ್ಲೇ ತಪ್ಪು ಹೆಚ್ಚು. ಅಂಥ ಮೈದಾನದಲ್ಲಿ ಒಂದು ಗೋಲಿನ ಮುನ್ನಡೆ ಕಾಯುವಾಗ ಅಪಾಯದ ಜಾಗದಲ್ಲಿ ಆಟ ಕಟ್ಟಲು ಹೋಗದೆ ಚೆಂಡನ್ನು ದೂರ ತಳ್ಳುವುದೇ ಸರಿ. 180 ನಿಮಿಷದಲ್ಲಿ ಒಂದೇ ಗೋಲು, ಅದೂ ಬೆಂಗಳೂರಿನದು. ನೋಡಲು ಸೊಗಸಾದ ಕ್ವಾರ್ಟರ್‌ಫೈನಲ್ ಅಲ್ಲ, ಕೆಲಸ ಮುಗಿಯಿತು.

ಜೊಹೊರ್

ಸಿಂಗಪುರದಿಂದ ಸೇತುವೆ ದಾಟಿದರೆ ಜೊಹೊರ್ ಬಹ್ರು. ಸೆಪ್ಟೆಂಬರ್ 28ರಂದು ಅಲ್ಲಿನ ಲಾರ್ಕಿನ್ ಕ್ರೀಡಾಂಗಣದಲ್ಲಿ ಮೊದಲ ಲೆಗ್. ಎದುರಿಗೆ ಅದೇ ವರ್ಷ ತನ್ನನ್ನು ಎರಡು ಸಲ ಸೋಲಿಸಿದ ತಂಡ, ಹಾಲಿ ಚಾಂಪಿಯನ್, ಅರ್ಜೆಂಟೀನಾದ ಮಾರಿಯೊ ಗೋಮೆಜ್ ಕೋಚ್. ಲಿಂಗ್ಡೊ ಹೊಡೆದ ಗೋಲಿನಿಂದ 1–1.

ಈ ಡ್ರಾದ ಬೆಲೆ ಎಷ್ಟೆಂದು ತಿಳಿಯಲು ನಿಯಮವನ್ನು ಒಮ್ಮೆ ಬಿಡಿಸಿ ನೋಡಬೇಕು. ಎರಡು ಲೆಗ್‌ಗಳ ಒಟ್ಟು ಗೋಲು ಸಮನಾದರೆ ಪರ ಊರಿನಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ. ಅದೂ ಸಮನಾದರೆ ಹೆಚ್ಚುವರಿ 30 ನಿಮಿಷ, ಆಮೇಲೆ ಪೆನಾಲ್ಟಿ. ಹಾಗಾಗಿ ಕಂಠೀರವದ ಎರಡನೇ ಲೆಗ್ ಶುರುವಾಗುವ ಮುನ್ನ ಸ್ಥಿತಿ ಹೀಗಿತ್ತು: 0–0 ಆದರೆ ಬೆಂಗಳೂರು ಮುಂದಕ್ಕೆ, 1–1 ಆದರೆ ಹೆಚ್ಚುವರಿ ಸಮಯ, 2–2 ಅಥವಾ ಅದಕ್ಕಿಂತ ದೊಡ್ಡ ಡ್ರಾ ಆದರೆ ಜೆಡಿಟಿ. ಅಂದರೆ ಡ್ರಾ ಎಂಬ ಒಂದೇ ಫಲಿತಾಂಶಕ್ಕೆ ಮೂರು ಅರ್ಥ. ಆಟಗಾರರಿಗೆ ಇದನ್ನು ಮೊದಲೇ ಬಾಯಿಪಾಠ ಮಾಡಿಸದಿದ್ದರೆ ನಡುವೆ ತಲೆ ಕೆಡುತ್ತದೆ. ಹಿಂದೆ ನಿಲ್ಲಬೇಕೋ ಮುಂದೆ ನುಗ್ಗಬೇಕೋ ಎಂದು ಅರ್ಧ ತಂಡ ಒಂದು ಎಣಿಸಿದರೆ ಉಳಿದರ್ಧ ಇನ್ನೊಂದು ಎಣಿಸುತ್ತದೆ, ಅವರಿಬ್ಬರ ನಡುವೆ ಎದುರಾಳಿಗೆ ಬಯಲು ಸಿಗುತ್ತದೆ.

ಅಕ್ಟೋಬರ್ 19ರ ರಾತ್ರಿ ಕಂಠೀರವ ತುಂಬಿತ್ತು. ಪಶ್ಚಿಮದ ಸ್ಟ್ಯಾಂಡ್‌ನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಬೆಂಬಲಿಗರು. ಆ ರಾತ್ರಿ ಲೆಕ್ಕ ಬದಲಾದದ್ದು ಹೀಗೆ:

11ನೇ ನಿಮಿಷ: ಸಫೀಕ್ ರಹೀಂ ಗೋಲು, 0–1. ಒಟ್ಟು 1–2. ಜೆಡಿಟಿಗೂ ಈಗ ಒಂದು ಪರ ಊರಿನ ಗೋಲು. ಬೆಂಗಳೂರಿಗೆ ಒಂದು ಗೋಲು ಬಿದ್ದರೆ ಹೆಚ್ಚುವರಿ ಸಮಯ, ಎರಡು ಬಿದ್ದರೆ ಫೈನಲ್.

41ನೇ ನಿಮಿಷ: ಚೆಟ್ರಿ ಹೆಡರ್, 1–1. ಒಟ್ಟು 2–2, ಪರ ಊರಿನ ಗೋಲು ತಲಾ ಒಂದು. ಎಲ್ಲವೂ ಸಮ.

67ನೇ ನಿಮಿಷ: ಚೆಟ್ರಿ ದೂರದಿಂದ ಹೊಡೆದ ಎರಡನೇ ಗೋಲು, 2–1. ಒಟ್ಟು 3–2.

75ನೇ ನಿಮಿಷ: ಹುವಾನನ್ ಹೆಡರ್, 3–1. ಒಟ್ಟು 4–2.

ಜನರ ನೆನಪಿನಲ್ಲಿ ಉಳಿದಿರುವುದು 67ನೇ ನಿಮಿಷ. ಚೆಟ್ರಿ ವೃತ್ತಿಜೀವನದ ಅತ್ಯುತ್ತಮ ಗೋಲುಗಳ ಪಟ್ಟಿ ಮಾಡಿದರೆ ಅದು ಖಂಡಿತ ಇರುತ್ತದೆ. ಲೆಕ್ಕದ ಕಣ್ಣಿನಿಂದ ನೋಡಿದರೆ ಉಳಿದ ಎರಡು ಗೋಲುಗಳು ಹೆಚ್ಚು ಭಾರದವು.

41ನೇ ನಿಮಿಷದ್ದು ಯಾಕೆ? ವಿರಾಮಕ್ಕೆ 0–1ರಲ್ಲಿ ಹೋಗಿದ್ದರೆ ಬೆಂಗಳೂರು ಎರಡನೇ ಅವಧಿಯಲ್ಲಿ ಎರಡು ಗೋಲಿಗಾಗಿ ಮೈ ಬಿಚ್ಚಿ ಆಡಬೇಕಿತ್ತು. ಜೆಡಿಟಿಗೆ ಬೇಕಿದ್ದದ್ದೂ ಅದೇ. ತೆರೆದ ಎದುರಾಳಿಯ ಬೆನ್ನ ಹಿಂದೆ ಓಡುವ ಆಟಗಾರರು ಅದರಲ್ಲಿದ್ದರು. ಸಮ ಮಾಡಿಕೊಂಡು ಒಳಗೆ ಹೋದದ್ದರಿಂದ ರೋಕಾ ತಮ್ಮ ತಂಡವನ್ನು ಹಿಡಿತದಲ್ಲಿ ಇಟ್ಟುಕೊಂಡೇ ಹೊರಗೆ ಕಳಿಸಬಹುದಾಗಿತ್ತು.

75ನೇ ನಿಮಿಷದ್ದು ಇನ್ನೂ ಮುಖ್ಯ. 2–1ರ ಮುನ್ನಡೆ ಕಂಠೀರವದ ಫಲಕದ ಮೇಲೆ ಗೆಲುವಿನಂತೆ ಕಾಣುತ್ತಿತ್ತು. ಆದರೆ ಜೆಡಿಟಿ ಇನ್ನೊಂದೇ ಗೋಲು ಹೊಡೆದಿದ್ದರೆ ಪಂದ್ಯ 2–2, ಒಟ್ಟು 3–3, ಪರ ಊರಿನ ಗೋಲು ಜೆಡಿಟಿಗೆ ಎರಡು, ಬೆಂಗಳೂರಿಗೆ ಒಂದು. ಬೆಂಗಳೂರು ಹೊರಗೆ. ಹೆಚ್ಚುವರಿ ಸಮಯವೂ ಇಲ್ಲ. ಅಂದರೆ 67ರಿಂದ 75ರವರೆಗಿನ ಎಂಟು ನಿಮಿಷ ತಂಡ ಮುಂದಿತ್ತು, ಆದರೆ ಒಂದು ಹೊಡೆತದ ದೂರದಲ್ಲಿ ಸೋತಿತ್ತು. ಮೂರನೇ ಗೋಲು ಬಿದ್ದ ಮೇಲೆ ಜೆಡಿಟಿಗೆ ಎರಡು ಬೇಕಾಯಿತು. ಉಳಿದದ್ದು ಹದಿನೈದು ನಿಮಿಷ. ಅಲ್ಲಿಂದ ಮುಂದೆ ಬೆಂಗಳೂರು ಒಂದು ತಪ್ಪು ಮಾಡಿದರೂ ಬದುಕುತ್ತಿತ್ತು. ನಾಕೌಟ್ ಆಟದಲ್ಲಿ ಒಂದು ತಪ್ಪಿಗೆ ಜಾಗ ಇರುವುದು ದೊಡ್ಡ ಆಸ್ತಿ. ಡಿಫೆಂಡರ್‌ನ ಕಾಲು ನಡುಗುವುದಿಲ್ಲ, ಗೋಲ್‌ಕೀಪರ್ ಅವಸರದಲ್ಲಿ ಚೆಂಡು ಒದೆಯುವುದಿಲ್ಲ.

ಗಮನಿಸಬೇಕಾದ ಇನ್ನೊಂದು ವಿಷಯ: ಪಾಸ್‌ಗಳ ಆಟ ಕಲಿಸಲು ಬಂದ ಕೋಚ್‌ನ ತಂಡ ಆ ರಾತ್ರಿ ಹೊಡೆದ ಮೂರರಲ್ಲಿ ಎರಡು ಗೋಲು ಬಂದದ್ದು ತಲೆಯಿಂದ, ನಿಂತ ಚೆಂಡಿನಿಂದ, ಅಂದರೆ ಕಾರ್ನರ್, ಫ್ರೀಕಿಕ್‌ನಂಥ ಹೊಡೆತಗಳಿಂದ. ಲಿಂಗ್ಡೊ ಎತ್ತಿ ಹಾಕಿದ್ದು, ಪೆನಾಲ್ಟಿ ಪೆಟ್ಟಿಗೆಯೊಳಗೆ ಎತ್ತರದವರು ನುಗ್ಗಿದ್ದು. ಸೆಂಟರ್‌ಬ್ಯಾಕ್‌ಗೆ ಕೋಟಾ ಖರ್ಚು ಮಾಡಿದ್ದರ ಲಾಭ ಇಲ್ಲೂ ಇದೆ. ಹುವಾನನ್ ಕಾರ್ನರ್ ಮತ್ತು ಫ್ರೀಕಿಕ್‌ಗಳಿಗೆ ಮುಂದೆ ಬಂದಾಗ ತಂಡಕ್ಕೆ ಒಬ್ಬ ಹೆಚ್ಚುವರಿ ಸ್ಟ್ರೈಕರ್ ಸಿಕ್ಕಂತೆ. ಎರಡು ತಿಂಗಳಲ್ಲಿ ಹೊಸ ಶೈಲಿ ಪೂರ್ತಿ ಒಗ್ಗುವುದಿಲ್ಲ. ಕಾರ್ನರ್‌ಗಳ ಅಭ್ಯಾಸಕ್ಕೆ ಅಷ್ಟು ಕಾಲ ಬೇಕಾಗದು: ಯಾರು ಹತ್ತಿರದ ಕಂಬಕ್ಕೆ ಓಡಬೇಕು, ಯಾರು ಗೋಲ್‌ಕೀಪರ್‌ನ ದಾರಿಗೆ ಅಡ್ಡ ನಿಲ್ಲಬೇಕು, ಚೆಂಡು ತಿರುಗಿ ಬಂದರೆ ಪೆಟ್ಟಿಗೆಯ ಅಂಚಿನಲ್ಲಿ ಯಾರಿರಬೇಕು ಎಂದು ಹಂಚಿ, ದಿನವೂ ಮಾಡಿಸಿದರೆ ಕೆಲವೇ ವಾರಗಳಲ್ಲಿ ಫಲ ಕೊಡುತ್ತದೆ. ಪಂದ್ಯಗಳಿಲ್ಲದೆ ತರಬೇತಿ ಮಾತ್ರ ಇರುವ ತಂಡಕ್ಕಂತೂ ಇದಕ್ಕಿಂತ ಒಳ್ಳೆಯ ಹೂಡಿಕೆ ಇಲ್ಲ.

ಲೀಗ್ ಇಲ್ಲದ ತಿಂಗಳುಗಳು

ಪಂದ್ಯಗಳಿಲ್ಲದೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಸೆಪ್ಟೆಂಬರ್ 14, 21, 28, ಅಕ್ಟೋಬರ್ 19, ನವೆಂಬರ್ 5: ನಾಕೌಟ್‌ನ ಈ ಐದು ಪಂದ್ಯಗಳೇ ಆ ಕಾಲದಲ್ಲಿ ಬೆಂಗಳೂರಿನ ಋತು. ಐ-ಲೀಗ್ ಆಗ ಶುರುವಾಗುತ್ತಿದ್ದದ್ದು ಜನವರಿಯಲ್ಲಿ. ಆಗ ಬೆಂಗಳೂರು ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಇರಲಿಲ್ಲ, ಸೇರಿದ್ದು 2017–18ರಲ್ಲಿ.

2016ರ ಐಎಸ್‌ಎಲ್ ಅಕ್ಟೋಬರ್ 1ರಂದು ಶುರುವಾಗಿ ಡಿಸೆಂಬರ್ 18ರವರೆಗೆ ನಡೆಯಿತು. ಆ ಕಾಲದಲ್ಲಿ ಐ-ಲೀಗ್ ಕ್ಲಬ್‌ಗಳ ಒಳ್ಳೆಯ ಆಟಗಾರರೆಲ್ಲ ಆ ಮೂರು ತಿಂಗಳಿಗೆ ಐಎಸ್‌ಎಲ್ ತಂಡಗಳಿಗೆ ಹೋಗಿಬಿಡುತ್ತಿದ್ದರು. ಚೆಟ್ರಿ, ಅಮರಿಂದರ್ ಸಿಂಗ್ ಮುಂಬೈ ಸಿಟಿಗೆ, ವಿನೀತ್ ಮತ್ತು ರಿನೊ ಆಂಟೊ ಕೇರಳ ಬ್ಲಾಸ್ಟರ್ಸ್‌ಗೆ ಹೋಗಬೇಕಿತ್ತು. ಎಎಫ್‌ಸಿ ಕಪ್ ಮುಗಿಯುವವರೆಗೆ ಅವರನ್ನು ಬೆಂಗಳೂರು ತನ್ನಲ್ಲೇ ಇಟ್ಟುಕೊಂಡಿತು. ಫೈನಲ್ ಆದ ಮೇಲಷ್ಟೇ ಅವರು ಅಲ್ಲಿಗೆ ತೆರಳಿ ಅರ್ಧ ಮುಗಿದ ಋತುವಿಗೆ ಸೇರಿಕೊಂಡರು. ಸೆಮಿಫೈನಲ್‌ಗೆ ಮುನ್ನವೇ ಬಿಟ್ಟುಕೊಟ್ಟಿದ್ದರೆ ಅಕ್ಟೋಬರ್ 19 ಇರುತ್ತಿರಲಿಲ್ಲ.

ಇಟ್ಟುಕೊಂಡದ್ದಕ್ಕೂ ಬೆಲೆ ಇತ್ತು. ಸೆಮಿಫೈನಲ್‌ನ ಎರಡು ಲೆಗ್‌ಗಳ ನಡುವೆ ಮೂರು ವಾರ, ಎರಡನೇ ಲೆಗ್‌ಗೂ ಫೈನಲ್‌ಗೂ ನಡುವೆ ಹದಿನೇಳು ದಿನ. ಅಷ್ಟು ದಿನ ಅಧಿಕೃತ ಪಂದ್ಯವಿಲ್ಲ. ದೇಹ ದಣಿಯದೆ ಉಳಿಯುತ್ತದೆ, ಗಾಯಗಳು ಮಾಗುತ್ತವೆ, ಎದುರಾಳಿಯ ವಿಡಿಯೊ ಬೇಕಾದಷ್ಟು ನೋಡಬಹುದು. ಇದು ಲಾಭದ ಕಡೆ. ಪಂದ್ಯದ ಲಯ ಮಾತ್ರ ತರಬೇತಿಯಲ್ಲಿ ಸಿಗುವುದಿಲ್ಲ. ಮೊದಲು ಕೆಡುವುದು ಓಟವಲ್ಲ, ಸಮಯಪ್ರಜ್ಞೆ: ಟ್ಯಾಕಲ್‌ಗೆ ಕಾಲು ಹಾಕುವುದು ಅರ್ಧ ಕ್ಷಣ ತಡ, ಮೊದಲ ಸ್ಪರ್ಶದಲ್ಲಿ ಚೆಂಡು ಒಂದಡಿ ದೂರ. ಟೂರ್ನಿಯ ಎರಡನೇ ಅರ್ಧದಲ್ಲಿ ಹಳದಿ ಕಾರ್ಡ್‌ಗಳು ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ.

ಆ ಕಾರ್ಡ್‌ಗಳೇ ಮುಂದಿನ ಪೆಟ್ಟು ಕೊಟ್ಟವು. ಹಳದಿ ಕಾರ್ಡ್‌ಗಳ ಲೆಕ್ಕ ತುಂಬಿ ಗೋಲ್‌ಕೀಪರ್ ಅಮರಿಂದರ್ ಫೈನಲ್‌ಗೆ ನಿಷೇಧಕ್ಕೊಳಗಾದರು. ಮಿಡ್‌ಫೀಲ್ಡರ್ ಇಂಥ ನಿಷೇಧಕ್ಕೆ ಸಿಲುಕುವುದು ಮಾಮೂಲಿ. ಆಟದ ಸ್ವಭಾವವೇ ಹಾಗೆ. ಗೋಲ್‌ಕೀಪರ್‌ಗೆ ಸಾಮಾನ್ಯವಾಗಿ ಕಾರ್ಡ್ ಬರುವುದು ತಪ್ಪಿಸಬಹುದಾದ ಕಾರಣಗಳಿಗೆ: ಕಾಲ ತಳ್ಳುವುದು, ವಾಗ್ವಾದ. ನಾಕೌಟ್ ಶುರುವಾಗುವ ಮುನ್ನವೇ ಯಾರ ಹೆಸರಿಗೆ ಎಷ್ಟು ಕಾರ್ಡ್ ಇದೆ ಎಂಬ ಪಟ್ಟಿಯನ್ನು ಕೋಚ್ ಕೈಯಲ್ಲಿ ಇಟ್ಟುಕೊಂಡು, ಒಂದು ಕಾರ್ಡ್ ಇರುವವರಿಗೆ ಪ್ರತಿ ಪಂದ್ಯಕ್ಕೂ ಮೊದಲು ಬಿಡಿಬಿಡಿಯಾಗಿ ಹೇಳಬೇಕು. ಮುನ್ನಡೆ ಇರುವಾಗ ಗೋಲ್‌ಕಿಕ್‌ಗೆ ಐದು ಸೆಕೆಂಡ್ ತಳ್ಳಿ ಮುಂದಿನ ಪಂದ್ಯವನ್ನೇ ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ದೋಹಾ

ಫೈನಲ್‌ನ ಆತಿಥ್ಯ ಆ ವರ್ಷ ಪಶ್ಚಿಮ ವಲಯದ ತಂಡದ ಪಾಲಿಗೆ ಬಂದಿತ್ತು. ಇರಾಕಿನಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಿಸುವಂತಿರಲಿಲ್ಲವಾದ್ದರಿಂದ ಏರ್ ಫೋರ್ಸ್ ತನ್ನ "ತವರು" ಪಂದ್ಯಗಳನ್ನು ಕತಾರ್‌ನಲ್ಲಿ ಆಡುತ್ತಿತ್ತು. ಹೀಗಾಗಿ ಫೈನಲ್ ದೋಹಾಕ್ಕೆ ಬಂತು. ಕೊಲ್ಲಿಯಲ್ಲಿ ದುಡಿಯುವ ಭಾರತೀಯರು ಸಾಕಷ್ಟು ಬಂದಿದ್ದರು, ಇರಾಕಿಗಳೂ ಬಂದಿದ್ದರು. ಬೆಂಗಳೂರಿನ ಪಾಲಿಗೆ ಇದು ಪೂರ್ಣ ಪರ ಊರಿನ ಪಂದ್ಯವಾಗದೆ ಉಳಿದದ್ದು ಅದೃಷ್ಟ. ಆದರೆ ಒಂದೇ ಪಂದ್ಯ. ಪರ ಊರಿನ ಗೋಲಿನ ಆಸರೆ ಇಲ್ಲಿಲ್ಲ. ಹಿಂಬದಿ ಭದ್ರ ಮಾಡಿ ಲೆಕ್ಕದಿಂದ ಗೆಲ್ಲುವ ವಿದ್ಯೆಗೆ ಇಲ್ಲಿ ಅರ್ಧ ಬೆಲೆ.

ಎದುರಾಳಿಯ ಮುಂಪಡೆ ಪೂರ್ವ ವಲಯದಲ್ಲಿ ಕಂಡದ್ದಕ್ಕಿಂತ ಬೇರೆ ಮಟ್ಟದ್ದು. ಹಮ್ಮಾದಿ ಅಹ್ಮದ್ ಆ ಟೂರ್ನಿಯಲ್ಲಿ 16 ಗೋಲು ಹೊಡೆದು ಅತಿ ಹೆಚ್ಚು ಗೋಲಿನ ಪ್ರಶಸ್ತಿಯನ್ನೂ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನೂ ಪಡೆದವರು. ಜೊತೆಗೆ ಅಮ್ಜದ್ ರಾಧಿ. ಕೋಚ್ ಬಾಸಿಂ ಕಾಸಿಂ. ಸೆಮಿಫೈನಲ್‌ನಲ್ಲಿ ಲೆಬನಾನಿನ ಅಲ್ ಅಹೆದ್ ತಂಡವನ್ನು ಒಟ್ಟು 4–3ರಿಂದ ದಾಟಿ ಬಂದಿದ್ದರು. ಅಂದರೆ ಗೋಲು ಬಿಟ್ಟುಕೊಟ್ಟರೂ ಒಂದು ಹೆಚ್ಚು ಹೊಡೆಯಬಲ್ಲ ತಂಡ.

ಅಮರಿಂದರ್ ಜಾಗಕ್ಕೆ ಮಿಜೋರಾಂನ ಲಾಲ್‌ಥುವಾಮಾವಿಯಾ ರಾಲ್ಟೆ ನಿಂತರು. ಕ್ಲಬ್‌ಗೆ ಹೊಸಬರಲ್ಲ, ಹಿಂದೆ ಅದರ ಗೋಲು ಕಾಯ್ದವರೇ. ಆದರೂ ಫೈನಲ್‌ನಲ್ಲಿ ಏಕಾಏಕಿ ಇಳಿಯುವುದೆಂದರೆ ಜಾನ್ಸನ್, ಹುವಾನನ್ ಜೊತೆ ಮಾತು, ಹೊಂದಾಣಿಕೆ ಎಲ್ಲ ಹೊಸದಾಗಿ ಕಟ್ಟಬೇಕು. ರಾಲ್ಟೆ ಒಳ್ಳೆಯ ಆಟವನ್ನೇ ಆಡಿದರು. 70 ನಿಮಿಷ ಗೋಲಿಲ್ಲ. 71ನೇ ನಿಮಿಷದಲ್ಲಿ ರಾಧಿ ಕಡೆಯಿಂದ ಬಂದ ಚೆಂಡನ್ನು ಹಮ್ಮಾದಿ ಹತ್ತಿರದಿಂದ ಒಳಗೆ ದೂಡಿದರು. ಗೋಲ್‌ಕೀಪರ್ ಬೇರೆಯಾಗಿದ್ದರೆ ಅದು ನಿಲ್ಲುತ್ತಿತ್ತು ಎನ್ನಲು ಆಧಾರವಿಲ್ಲ. ನಿಷೇಧದ ವಿಷಯವನ್ನೇ ಹಿಡಿದು ಸೋಲನ್ನು ವಿವರಿಸುವವರು ಈ ಗೋಲನ್ನು ಇನ್ನೊಮ್ಮೆ ನೋಡಬೇಕು.

ನಿಜವಾದ ಕೊರತೆ ಮೈದಾನದ ಇನ್ನೊಂದು ತುದಿಯಲ್ಲಿತ್ತು. ಬೆಂಗಳೂರಿಗೆ ಉಳಿದದ್ದು 19 ನಿಮಿಷ ಮತ್ತು ಗಾಯದ ಸಮಯ. ಒಂದು ಗೋಲು ಬೇಕೇ ಬೇಕು ಎನ್ನುವ ಹೊತ್ತಿನಲ್ಲಿ ಬೆಂಚಿನಿಂದ ಇಳಿಸಬಹುದಾದ ವಿದೇಶಿ ಸ್ಟ್ರೈಕರ್ ಇರಲಿಲ್ಲ, ಯಾಕೆಂದರೆ ನಾಲ್ಕೂ ಜಾಗಗಳು ಹಿಂದೆ ಮತ್ತು ನಡುವೆ ಹೋಗಿದ್ದವು. ಟ್ಯಾಂಪಿನಿಸ್ ಮತ್ತು ಜೊಹೊರ್ ಎದುರು ತಂಡವನ್ನು ಉಳಿಸಿದ ಆ ಆಯ್ಕೆಯೇ ಇಲ್ಲಿ ಕೈಕಟ್ಟಿತು. ಇಕ್ಕಟ್ಟಿನ ಜಾಗದಲ್ಲಿ ಬೆನ್ನಿಗೆ ಡಿಫೆಂಡರ್ ಇಟ್ಟುಕೊಂಡು ಚೆಂಡು ಹಿಡಿಯಬಲ್ಲ ಎತ್ತರದ ಫಾರ್ವರ್ಡ್ ಇಲ್ಲದಿದ್ದಾಗ ಉದ್ದನೆಯ ಚೆಂಡುಗಳು ಇರಾಕಿ ಸೆಂಟರ್‌ಬ್ಯಾಕ್‌ಗಳ ತಲೆಗೇ ಹೋಗುತ್ತವೆ. ಚೆಟ್ರಿ, ವಿನೀತ್ ಇಬ್ಬರೂ ಓಡುತ್ತ ಆಡುವವರು. ಮುನ್ನಡೆ ಕಾಯುತ್ತ ಕೆಳಗಿಳಿದು ನಿಂತ ಎದುರಾಳಿ ಅವರಿಗೆ ಓಡಲು ಜಾಗ ಕೊಡುವುದಿಲ್ಲ.

ಹಾಗಂತ ಕೋಟಾದ ನಿರ್ಧಾರ ತಪ್ಪು ಎನ್ನಲಾಗದು. ಸ್ಟ್ರೈಕರ್ ತಂದು ಹುವಾನನ್ ಬಿಟ್ಟಿದ್ದರೆ ಅಕ್ಟೋಬರ್ 19ರ ಮೂರನೇ ಗೋಲು ಯಾರು ಹೊಡೆಯುತ್ತಿದ್ದರು, ಜಲನ್ ಬೆಸಾರ್‌ನ 0–0 ಯಾರು ಕಾಯುತ್ತಿದ್ದರು? ನಾಲ್ಕು ಜಾಗದಲ್ಲಿ ಎಲ್ಲವನ್ನೂ ತುಂಬಲಾಗುವುದಿಲ್ಲ. ಬಹುಶಃ ವಾಟ್ಸನ್ ಅಥವಾ ರುಬಿಯೊ, ಇಬ್ಬರಲ್ಲಿ ಒಬ್ಬರ ಜಾಗಕ್ಕೆ ಫಾರ್ವರ್ಡ್ ಒಬ್ಬ ಇದ್ದಿದ್ದರೆ ದೋಹಾದಲ್ಲಿ ಬೇರೆ ಕೊನೆಯಾಗುತ್ತಿತ್ತೇನೋ. ಆದರೆ ರೋಕಾ ಬಯಸಿದ ಚೆಂಡು ಕಾಯುವ ಆಟಕ್ಕೆ ಆ ಇಬ್ಬರೂ ಬೇಕಿತ್ತು.

ನಂತರ

ಏರ್ ಫೋರ್ಸ್ 2017 ಮತ್ತು 2018ರಲ್ಲೂ ಇದೇ ಕಪ್ ಗೆದ್ದು ಸತತ ಮೂರು ಸಲ ಚಾಂಪಿಯನ್ ಆಯಿತು. ಬೆಂಗಳೂರು ಸೋತದ್ದು ಎಂಥ ತಂಡಕ್ಕೆ ಎಂಬುದು ಆಗ ಸ್ಪಷ್ಟವಾಯಿತು. ಪರ ಊರಿನ ಗೋಲಿನ ನಿಯಮವನ್ನು ಯುರೋಪಿನ ಒಕ್ಕೂಟ ಯುಇಎಫ್‌ಎ 2021ರಲ್ಲಿ, ಎಎಫ್‌ಸಿ 2023–24ರ ಋತುವಿನಿಂದ ಕೈಬಿಟ್ಟವು. ಇಂದಿನ ನಿಯಮದಲ್ಲಿ ಅಕ್ಟೋಬರ್ 19ರ ಆ ಎಂಟು ನಿಮಿಷ ಅಷ್ಟು ಅಪಾಯದ್ದಾಗಿರುತ್ತಿರಲಿಲ್ಲ: ಜೆಡಿಟಿ ಒಂದು ಹೊಡೆದಿದ್ದರೆ ಹೆಚ್ಚುವರಿ ಸಮಯ, ಅಷ್ಟೆ. ಲಾರ್ಕಿನ್‌ನಲ್ಲಿ ಲಿಂಗ್ಡೊ ಹೊಡೆದ ಗೋಲಿನ ಬೆಲೆಯೂ ಅಷ್ಟೇ ಇಳಿಯುತ್ತಿತ್ತು. ಎಎಫ್‌ಸಿ ಕಪ್ 2023–24ಕ್ಕೆ ಮುಗಿದು ಅದರ ಜಾಗಕ್ಕೆ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಬಂತು.

ಟೂರ್ನಿಯ ನಕ್ಷೆ ಬದಲಾದದ್ದು ಅದಕ್ಕೂ ಮೊದಲೇ, 2017ರಲ್ಲಿ. ದಕ್ಷಿಣ ಏಷ್ಯಾಕ್ಕೆ ಪ್ರತ್ಯೇಕ ವಲಯ ಮಾಡಿ, ವಲಯಗಳ ವಿಜೇತರನ್ನು ಒಬ್ಬರ ಮೇಲೊಬ್ಬರು ಆಡಿಸಲಾಯಿತು. ಬೆಂಗಳೂರು ದಕ್ಷಿಣ ವಲಯ ಗೆದ್ದು, ಉತ್ತರ ಕೊರಿಯಾದ ಏಪ್ರಿಲ್ 25 ತಂಡವನ್ನು ಕಂಠೀರವದಲ್ಲಿ 3–0ರಿಂದ ಸೋಲಿಸಿ, ಪ್ಯೊಂಗ್ಯಾಂಗ್‌ನಲ್ಲಿ 0–0 ಮಾಡಿಕೊಂಡು ಬಂತು. ಹಿಂದಿನ ವರ್ಷದ ಟ್ಯಾಂಪಿನಿಸ್ ಪಾಠದ ಅಚ್ಚು. ಮುಂದಿನ ಹೆಜ್ಜೆಯಲ್ಲಿ ತಜಿಕಿಸ್ತಾನದ ಇಸ್ತಿಕ್ಲೋಲ್. ದುಶಾಂಬೆಯ ಮೊದಲ ಲೆಗ್ 0–1. ಪರ ಊರಿನಲ್ಲಿ ಒಂದೂ ಗೋಲು ಬರದ್ದರಿಂದ ಈ ಸಲ ಲೆಕ್ಕ ತಿರುಗಿ ನಿಂತಿತ್ತು: ಕಂಠೀರವದಲ್ಲಿ ಒಂದು ಗೋಲು ಬಿಟ್ಟುಕೊಟ್ಟರೆ ಮೂರು ಹೊಡೆಯಬೇಕು. ಬಿಟ್ಟುಕೊಟ್ಟದ್ದು ಎರಡು, ಹೊಡೆದದ್ದು ಎರಡು.